ಬುಟ್ಟಿ ತುಂಬ ಮೀನೋ, ಒಂದೇ ಹೆಮ್ಮೀನೋ?

ಕುಂದಾಪುರದಿಂದ ಉತ್ತರಕ್ಕೆ ಹೊರಟ ಪ್ರಯಾಣಿಕನು ಹೆಮ್ಮಾಡಿಯನ್ನು ದಾಟಿ ತ್ರಾಸಿಯನ್ನು ಹಿಂದೆ ಹಾಕಿದೊಡನೆ, ತನ್ನ ಎಡಗಡೆಗೆ ಅರಬ್ಬೀ ಸಮುದ್ರವನ್ನೂ ಬಲಗಡೆಗೆ ಸೌಪರ್ಣಿಕಾ ನದಿಯನ್ನೂ ಒಟ್ಟಿಗೇ ಕಾಣುತ್ತಾನೆ. ಅದೇ ಮರವಂತೆ. ಕೊಡಚಾದ್ರಿಯ ಮಡಿಲಿನಲ್ಲಿ ಹುಟ್ಟಿ, ಕೊಲ್ಲೂರಿನ ಮೂಕಾಂಬಿಕೆಯ ಸನ್ನಿಧಿಯನ್ನು ಹಾದು ಬಂದ ನದಿಯು ಇಲ್ಲಿ ಕಡಲನ್ನು ಇನ್ನೇನು ಮುಟ್ಟಿತು ಎನ್ನುವಷ್ಟರಲ್ಲಿ ಮನಸ್ಸು ಬದಲಾಯಿಸಿದಂತೆ ದಕ್ಷಿಣಕ್ಕೆ ತಿರುಗಿಬಿಡುತ್ತದೆ. ಮತ್ತೂ ಹತ್ತು ಕಿಲೋಮೀಟರಿನಷ್ಟು ಸುತ್ತಿ, ಗಂಗೊಳ್ಳಿಯ ಅಳಿವೆಯಲ್ಲಿ ಚಕ್ರಾ, ವಾರಾಹಿ, ಕುಬ್ಜಾ, ಖೇಟಾ ನದಿಗಳೊಡನೆ ಪಂಚಗಂಗಾವಳಿ ಎನಿಸಿಕೊಂಡ ಮೇಲೆಯೇ ಅದಕ್ಕೆ ಸಾಗರಪ್ರವೇಶ. ಹೀಗೆ ಕೂಡಲೊಲ್ಲದ ಎರಡು ನೀರುಗಳ ನಡುವಿನ ಕಿರಿದಾದ ನೆಲದ ಮೇಲೆ ರಾಷ್ಟ್ರೀಯ ಹೆದ್ದಾರಿಯೂ ಹಾದುಹೋಗಿದೆ, ಮಾರಸ್ವಾಮಿ ಎಂದು ಜನ ಕರೆಯುವ ವರಾಹಸ್ವಾಮಿಯ ದೇವಾಲಯವೂ ನಿಂತಿದೆ. ಈ ನೋಟವನ್ನು ಕ್ಯಾಲೆಂಡರುಗಳಲ್ಲಿ ಕಾಣದ ಕನ್ನಡಿಗರು ವಿರಳ.

ಆದರೆ ಕ್ಯಾಲೆಂಡರಿನ ಚಿತ್ರಗಳಲ್ಲಿ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಒಂದು ವರ್ಗದ ಜನರು ಈ ದಾರಿಯ ಎರಡು ಮಗ್ಗುಲಲ್ಲಿಯೂ ಇದ್ದಾರೆ. ಕಡಲ್ಕೊರೆತವನ್ನು ತಡೆಯಲೆಂದು ಸುರಿದ ಕರಿಬಂಡೆಗಳ ಮೇಲೆ ಒಬ್ಬ, ಆಚೆ ಹೊಳೆಯ ದಂಡೆಯ ತೆಂಗಿನ ನೆರಳಿನಲ್ಲಿ ಮತ್ತೊಬ್ಬ, ಹೀಗೆ ಅಲ್ಲೊಬ್ಬ ಇಲ್ಲೊಬ್ಬನಾಗಿ ಕುಳಿತಿರುವ ಗಾಳಗಾರರು. ಕೆಲವರ ಕೈಯಲ್ಲಿ ಬಿದಿರಿನ ಗಳು. ಕೆಲವರ ಕೈಯಲ್ಲಿ ಕೋಲೂ ಇಲ್ಲ, ಬೆರಳಿಗೆ ಸುತ್ತಿದ ನೈಲಾನ್ ದಾರ, ಅದರ ತುದಿಗೆ ಸೀಸದ ಗುಂಡು ಮತ್ತು ಕೊಕ್ಕೆ, ಅಷ್ಟೆ. ಈಚಿನ ವರ್ಷಗಳಲ್ಲಿ ರಜೆಯ ದಿನಗಳಂದು ಕಾರಿನಿಂದಿಳಿದು, ಥಳಥಳಿಸುವ ರೀಲು ಕೋಲುಗಳನ್ನು ಬಿಚ್ಚಿ ಜೋಡಿಸುವ ಪಟ್ಟಣಿಗರೂ ಇವರ ಸಾಲಿಗೆ ಸೇರಿದ್ದಾರೆ.

ದಾರಿಹೋಕರು ಇವರನ್ನು ಕೇಳುವ ಪ್ರಶ್ನೆ ಯಾವಾಗಲೂ ಒಂದೇ: “ಎಂತ ಸಿಕ್ತ್ ಮಾರ್ರೆ?” ಬರುವ ಉತ್ತರವೂ ಬಹುಮಟ್ಟಿಗೆ ಒಂದೇ: “ಎಂತೂ ಇಲ್ಲೆ!” ಚೀಲ ತುಂಬಿದ್ದರೂ ಇಲ್ಲವೆನ್ನುವುದು ಗಾಳಗಾರರ ಕುಲಧರ್ಮ, ಒಳ್ಳೆಯ ಜಾಗದ ಗುಟ್ಟು ಬೀದಿಗೆ ಬೀಳಬಾರದಲ್ಲವೆ? ಆದರೆ ಇದಕ್ಕಿಂತ ಸ್ವಾರಸ್ಯವಾದ ಇನ್ನೊಂದು ಪ್ರಶ್ನೆಯುಂಟು. ಗಾಳ ಹಿಡಿದು ಕುಳಿತವನ ಮನಸ್ಸಿನ ಬಯಕೆ ಯಾವುದು? ಮನೆಮಂದಿಗೆಲ್ಲ ಸಾಲುವಷ್ಟು ಸಣ್ಣಪುಟ್ಟ ಹತ್ತಿಪ್ಪತ್ತು ಮೀನುಗಳೋ, ಅಥವಾ ಇಡೀ ಊರು ಮೂರು ದಿನ ಮಾತನಾಡುವಂಥ ಒಂದೇ ಒಂದು ಹೆಮ್ಮೀನೋ?

ಇದು ಹರಟೆಯ ಪ್ರಶ್ನೆಯಂತೆ ತೋರಿದರೂ ಇದರ ಬೇರುಗಳು ಬಹಳ ಆಳಕ್ಕೆ ಇಳಿದಿವೆ. ಅಡಿಗೆಮನೆಯಿಂದ ಹಿಡಿದು ಹೊಳೆಯ ಭವಿಷ್ಯದವರೆಗೂ ಇದರ ಉತ್ತರವು ತನ್ನ ನೆರಳನ್ನು ಚಾಚುತ್ತದೆ.

ಕೊಕ್ಕೆಯೇ ಹೇಳುವ ಉತ್ತರ

ಮೊದಲಿಗೆ ತಿಳಿಯಬೇಕಾದುದೆಂದರೆ, ಗಾಳಗಾರನು ಈ ಪ್ರಶ್ನೆಗೆ ಬಾಯಿಂದ ಏನೇ ಹೇಳಲಿ, ಅವನ ನಿಜವಾದ ಉತ್ತರವು ಗಾಳವನ್ನು ನೀರಿಗೆಸೆಯುವ ಮುನ್ನವೇ ನಿಶ್ಚಯವಾಗಿರುತ್ತದೆ. ಅಂಗಡಿಯಲ್ಲಿ ಸಿಗುವ ಕೊಕ್ಕೆಗಳಿಗೆ ಸಂಖ್ಯೆಗಳುಂಟು. ಸಾಮಾನ್ಯವಾಗಿ ಸಂಖ್ಯೆ ಹೆಚ್ಚಿದಂತೆ ಕೊಕ್ಕೆ ಚಿಕ್ಕದಾಗುತ್ತದೆ. ಹತ್ತಕ್ಕಿಂತ ಆರು ದೊಡ್ಡದು, ಆರಕ್ಕಿಂತ ಎರಡು ದೊಡ್ಡದು. ಒಂದನ್ನು ದಾಟಿದ ಮೇಲೆ ಸಂಖ್ಯೆಯ ಪಕ್ಕದಲ್ಲಿ ಸೊನ್ನೆ ಸೇರಿಕೊಂಡು ಲೆಕ್ಕ ತಿರುಗುಮುರುಗಾಗುತ್ತದೆ. ಸಣ್ಣ ಕೊಕ್ಕೆಗೆ ಸಿಗಡಿಯ ಒಂದು ಚೂರನ್ನು ಚುಚ್ಚಿ, ತೆಳುವಾದ ದಾರದಲ್ಲಿ ಮರಳುನೆಲದ ಕಡೆಗೆ ಎಸೆದವನು ಕಾಣೆಯನ್ನೋ ಹೊಳೆಯ ಇರ್ಪೆಯನ್ನೋ ಕಾಯುತ್ತಿದ್ದಾನೆ. ಅಂಥ ಕೊಕ್ಕೆಯನ್ನು ದೊಡ್ಡ ಮೀನೊಂದು ನುಂಗಿದರೆ ದಾರವೇ ತುಂಡು. ಬೆರಳುದ್ದದ ಕೊಕ್ಕೆಗೆ ಜೀವಂತ ಮೀನುಮರಿಯನ್ನೇ ಎರೆಯಾಗಿ ಸಿಕ್ಕಿಸಿ, ಸಂಜೆಯ ನೀರಿಳಿತವನ್ನು ನೋಡಿಕೊಂಡು ಕುಳಿತವನು ಕೆಂಬೇರಿಯನ್ನೋ ಕುರುಡಿಯನ್ನೋ ಧ್ಯಾನಿಸುತ್ತಿದ್ದಾನೆ. ಅವನ ಕೊಕ್ಕೆಗೆ ಸಣ್ಣ ಮೀನಿನ ಬಾಯಿಯೇ ಹಿಡಿಸದು. ಒಂದೇ ಗಾಳದಲ್ಲಿ ಎರಡನ್ನೂ ಬಯಸುವುದು ಒಂದೇ ಜರಡಿಯಲ್ಲಿ ರವೆಯನ್ನೂ ಹಿಟ್ಟನ್ನೂ ಹಿಡಿದಿಡಲು ಹೊರಟಂತೆ.

ಎರೆ ಎಂಬ ಮಾತು ಬಂದುದರಿಂದ ಇಲ್ಲಿ ಒಂದು ಸಣ್ಣ ವಿಷಯಾಂತರ. ನಮ್ಮ ಭಾಷೆಯಲ್ಲಿ ಮೀನನ್ನು ಆಕರ್ಷಿಸಲು ಕೊಕ್ಕೆಗೆ ಚುಚ್ಚುವ ತಿನಿಸಿಗೂ ಎರೆ ಎಂದೇ ಹೆಸರು, ಆ ಕೆಲಸಕ್ಕೆ ಬಹುವಾಗಿ ಬಳಕೆಯಾಗುವ ಮಣ್ಣಿನ ಹುಳುವೂ ಎರೆಹುಳುವೇ. ಇಂದು ರೈತನ ಮಿತ್ರನೆಂದು ಮರ್ಯಾದೆ ಪಡೆಯುತ್ತಿರುವ ಆ ಜೀವಿಯ ಹೆಸರಿಗೆ ಗಾಳದ ನಂಟು ಹೀಗೆ ಅಂಟಿಕೊಂಡಿದೆ. ಇರಲಿ.

ಮನೆಯ ಗೃಹಿಣಿಯ ಅಭಿಪ್ರಾಯವನ್ನು ಕೇಳಿದರೆ ಈ ಚರ್ಚೆಗೆ ಮೂರನೆಯ ಮುಖವೊಂದು ಕಾಣಿಸಿಕೊಳ್ಳುತ್ತದೆ. ಕಾವಲಿಯ ಮೇಲೆ ರವೆ ಹಚ್ಚಿ ಹುರಿಯುವ ಕಾಣೆಯು ಒಂದು ಗೇಣನ್ನು ಮೀರಬೇಕಾಗಿಲ್ಲ; ಬ್ಯಾಡಗಿ ಮೆಣಸು, ತೆಂಗಿನಕಾಯಿ, ಹುಣಿಸೆ ಅರೆದು ಕುದಿಸುವ ಗಸಿಗೆ ಬಂಗುಡೆಯೇ ಸಾಕು. ಬೂತಾಯಿಯಂತೂ, ಕುಂದಾಪುರದವರ ಬಾಯಲ್ಲಿ ಬೈಗೆ, ಗಾತ್ರದಿಂದ ಬೆಲೆ ಕಟ್ಟಿಸಿಕೊಂಡ ಮೀನೇ ಅಲ್ಲ. ಕುಚ್ಚಲಕ್ಕಿ ಅನ್ನದ ಜೊತೆಗೆ ಅದರ ಸಾರು ಇದ್ದರೆ ಕರಾವಳಿಯ ಮನೆಯಲ್ಲಿ ಊಟಕ್ಕೆ ಬೇರೆ ಪಟ್ಟಿ ಬೇಕಾಗಿಲ್ಲ. ಐದಾರು ಕಿಲೋ ತೂಗುವ ಮೀನನ್ನು ಗಂಡ ಹೆಮ್ಮೆಯಿಂದ ಹೊತ್ತು ತಂದರೆ, ಅದನ್ನು ಕೊಯ್ಯಲು ದೊಡ್ಡ ಕತ್ತಿ ಬೇಕು, ಇಡಲು ಪಾತ್ರೆ ಬೇಕು, ತಿನ್ನಲು ನೆರೆಹೊರೆ ಬೇಕು. ದೊಡ್ಡ ಮೀನು ಗಂಡಸರ ಮಾತಿಗೆ, ಸಣ್ಣ ಮೀನು ಹೆಂಗಸರ ಸಾರಿಗೆ ಎಂದು ಯಾರಾದರೂ ಹಾಸ್ಯ ಮಾಡಿದರೆ ಅದನ್ನು ಸಂಪೂರ್ಣವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಮೀನನ್ನು ಮಾರುವವನ ಲೆಕ್ಕವೇ ಬೇರೆ. ಅಂಜಲ್, ಕೆಂಬೇರಿ, ಕುರುಡಿಯಂತಹ ಜಾತಿಗಳಲ್ಲಿ ಮೀನು ದೊಡ್ಡದಾದಂತೆ ಅದರ ಒಟ್ಟು ಬೆಲೆ ಮಾತ್ರವಲ್ಲ, ಅನೇಕ ವೇಳೆ ಕಿಲೋ ಒಂದರ ದರವೂ ಏರುತ್ತದೆ. ಹೋಟೆಲಿನವನಿಗೆ ಬೇಕಾದುದು ದಪ್ಪನಾದ ತುಂಡು. ಆದುದರಿಂದ ಗಾಳದ ಮೀನು ಒಲೆಗೆ ಹೋಗುವುದೋ, ಸಂತೆಗೆ ಹೋಗುವುದೋ, ಬರಿಯ ಛಾಯಾಚಿತ್ರಕ್ಕೆ ಹೋಗುವುದೋ ಎಂಬುದನ್ನು ತಿಳಿಯದೆ ಯಾವ ಗಾಳಗಾರನ ಮನಸ್ಸನ್ನೂ ಅಳೆಯಲಾಗದು.

ಬಲೆಯ ನಾಡಿನಲ್ಲಿ ಗಾಳದ ಸ್ಥಾನ

ಮರವಂತೆಯ ತೀರವು ಮೂಲತಃ ಗಾಳದ ನಾಡಲ್ಲ, ಬಲೆಯ ನಾಡು. ಇಲ್ಲಿಯ ಮೊಗವೀರರೂ ಗಂಗೊಳ್ಳಿಯ ಕಡೆಯ ಖಾರ್ವಿಗಳೂ ತಲೆತಲಾಂತರದಿಂದ ‘ಬಹಳ ಮೀನು’ ಎಂಬುದನ್ನೇ ನಂಬಿ ಬದುಕಿದವರು. ಅವರ ರಂಪಣಿ ಬಲೆಯನ್ನು ಕಣ್ಣಾರೆ ಕಂಡವರು ಈಗ ಮುಪ್ಪಿನವರು. ಮೀನಿನ ಹಿಂಡು ದಡದ ಸಮೀಪಕ್ಕೆ ಬಂದುದನ್ನು ನೀರಿನ ಬಣ್ಣದಿಂದಲೂ ಹಕ್ಕಿಗಳ ಹಾರಾಟದಿಂದಲೂ ಅರಿತು, ದೋಣಿಯಿಂದ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟುಕೊಂಡು ಬಂದು, ಅದರ ಎರಡು ತುದಿಯ ಹಗ್ಗಗಳನ್ನು ದಡದ ಮೇಲಿನ ಜನರು ಎಳೆಯುತ್ತಿದ್ದರು. ಅರವತ್ತು ಎಂಬತ್ತು ಜನ ಸೇರಿದಲ್ಲದೆ ಆಗುವ ಕೆಲಸವಲ್ಲ ಅದು. ಬಲೆ ಹಲವರ ಒಡೆತನದ್ದು, ಎಳೆದವರಿಗೆಲ್ಲ ಪಾಲು. ಬಂಗುಡೆಯ ಸುಗ್ಗಿ ಬಂದ ವರ್ಷ ತಿಂದು ಮಿಕ್ಕಿದ್ದು ಉಪ್ಪಿಗೆ, ಉಪ್ಪಿಗೆ ಮಿಕ್ಕಿದ್ದು ತೆಂಗಿನ ಬುಡಕ್ಕೆ ಗೊಬ್ಬರ. ಅಲ್ಲಿ ಒಂದೊಂದು ಮೀನಿನ ಗಾತ್ರವನ್ನು ಯಾರು ಕೇಳುತ್ತಾರೆ?

1970ರ ದಶಕದ ನಡುವಿನಲ್ಲಿ ಕರ್ನಾಟಕದ ಕರಾವಳಿಗೆ ಪರ್ಸೀನ್ ಬಲೆಯ ಯಾಂತ್ರಿಕ ದೋಣಿಗಳು ಕಾಲಿಟ್ಟವು. ದಡಕ್ಕೆ ಬರುವ ಮುನ್ನವೇ ಹಿಂಡುಗಳನ್ನು ಆಳದ ನೀರಿನಲ್ಲಿ ಸುತ್ತುವರಿದು ಎತ್ತುವ ಈ ಬಲೆಗಳೊಡನೆ ರಂಪಣಿಗಾರರ ಜಗಳಗಳಾದವು. ಕೆಲವೇ ವರ್ಷಗಳಲ್ಲಿ ದೊಡ್ಡ ರಂಪಣಿ ಕಣ್ಮರೆಯಾಗಿ, ಅದರ ಕಿರಿಯ ತಂಗಿಯಾದ ಕೈರಂಪಣಿ ಮಾತ್ರ ಉಳಿದುಕೊಂಡಿತು. ಸಂಖ್ಯೆಯನ್ನು ನಂಬಿದ ಬದುಕು ಎಷ್ಟು ಚಂಚಲವಾದುದೆಂಬುದಕ್ಕೆ ನೆರೆಯ ಕೇರಳದ ಬೂತಾಯಿಯ ಲೆಕ್ಕವೇ ಸಾಕ್ಷಿ. ಅಲ್ಲಿ 2012ರಲ್ಲಿ 3.9 ಲಕ್ಷ ಟನ್ನಿನಷ್ಟು ಸಿಕ್ಕ ಆ ಮೀನು 2021ರಲ್ಲಿ ಮೂರೂವರೆ ಸಾವಿರ ಟನ್ನನ್ನೂ ಮುಟ್ಟಲಿಲ್ಲ.

ಇಂದಿಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ, ಮರವಂತೆ, ಕೊಡೇರಿ, ಉಪ್ಪುಂದ, ಗಂಗೊಳ್ಳಿಗಳ ನಾಡದೋಣಿಗಳು ಮಳೆಗಾಲದ ಕಡಲಿಗಿಳಿಯುತ್ತವೆ. ಕರ್ಕಾಟಕ ಅಮಾವಾಸ್ಯೆಯ ದಿನ ಮಾರಸ್ವಾಮಿಯ ಜಾತ್ರೆಗೆ ಬಂದವರು ಕಡಲಿನಲ್ಲಿಯೂ ಹೊಳೆಯಲ್ಲಿಯೂ ಮಿಂದು ಕೈಮುಗಿಯುವಾಗ, ಮೀನುಗಾರನ ಬೇಡಿಕೆ ಬಲೆ ತುಂಬಲಿ, ಹೋದವರು ತಿರುಗಿ ಬರಲಿ ಎಂಬುದೇ. ಹೆಮ್ಮೀನನ್ನು ಕೊಡೆಂದು ದೇವರನ್ನು ಪೀಡಿಸುವವನು ಹವ್ಯಾಸಿ ಗಾಳಗಾರನೊಬ್ಬನೇ.

ಕಲೆಕ್ಟರನೊಬ್ಬನ ಎರಡು ಮನಸ್ಸು

ಹವ್ಯಾಸದ ಗಾಳಕ್ಕೆ ಶಾಸ್ತ್ರದ ಗೌರವ ತಂದುಕೊಟ್ಟ ಗ್ರಂಥವೊಂದು ಇದೇ ಜಿಲ್ಲೆಯ ಮಣ್ಣಿನಲ್ಲಿ ಹುಟ್ಟಿತೆಂಬುದು ಹಲವರಿಗೆ ತಿಳಿಯದ ಸಂಗತಿ. ಕುಂದಾಪುರ ತಾಲ್ಲೂಕು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಲ್ಲಿ, ಹೆನ್ರಿ ಸಲಿವನ್ ಥಾಮಸ್ ಎಂಬ ಆಂಗ್ಲ ಅಧಿಕಾರಿ ಮಂಗಳೂರಿನಲ್ಲಿ ಕಲೆಕ್ಟರನಾಗಿದ್ದ. ಅವನು ಬರೆದ ‘ದಿ ರಾಡ್ ಇನ್ ಇಂಡಿಯಾ’ ಎಂಬ ಪುಸ್ತಕವು 1873ರಲ್ಲಿ ಮಂಗಳೂರಿನಿಂದಲೇ ಪ್ರಕಟವಾಯಿತು. ಹಿಂದುಸ್ಥಾನದ ಹೊಳೆಗಳಲ್ಲಿ ಗಾಳ ಹಾಕಬಯಸಿದ ದೊರೆಗಳಿಗೆಲ್ಲ ಅದು ಬಹುಕಾಲ ಕೈಪಿಡಿಯಾಗಿತ್ತು. ಅದರ ಕಥಾನಾಯಕ ಮಹಸೀರ್, ಅಂದರೆ ನಮ್ಮ ಬಿಳಿಮೀನು. ಅದೇ ಗಾತ್ರದ ಸಾಲ್ಮನ್ ಮೀನಿಗಿಂತಲೂ ಇದು ಹೆಚ್ಚು ಹೋರಾಟ ಕೊಡುತ್ತದೆಂಬ ಅವನ ಅಭಿಪ್ರಾಯವನ್ನು ಕೇಳಿ ಇಂಗ್ಲೆಂಡಿನ ಗಾಳಗಾರರು ಹುಬ್ಬೇರಿಸಿದ್ದರೆ ಆಶ್ಚರ್ಯವಿಲ್ಲ.

ಹೆಮ್ಮೀನನ್ನು ಹೀಗೆ ಹಾಡಿಹೊಗಳಿದ ಇದೇ ಥಾಮಸನು, ಅದಕ್ಕಿಂತ ಮೂರು ವರ್ಷ ಮೊದಲು, ದಕ್ಷಿಣ ಕನ್ನಡದ ಮತ್ಸ್ಯಸಂವರ್ಧನೆಯನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿದ್ದ. ಅಲ್ಲಿ ಅವನ ಗಮನವೆಲ್ಲ ಕಣ್ಣಿಗೆ ಕಾಣದಷ್ಟು ಸಣ್ಣ ಮೀನುಗಳ ಮೇಲೆ. ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದು, ಒತ್ತಾದ ಕಣ್ಣಿನ ಬಲೆಗಳಿಂದಲೂ ಕೂಳಿಗಳಿಂದಲೂ ಮರಿಗಳನ್ನೆಲ್ಲ ಬಾಚುವುದು, ಇವುಗಳಿಂದ ಜನರ ಆಹಾರವೇ ನಾಶವಾಗುತ್ತಿದೆಯೆಂಬುದು ಅವನ ಅಳಲು. ಈತನ ಮತ್ತು ಮತ್ಸ್ಯವಿಜ್ಞಾನಿ ಫ್ರಾನ್ಸಿಸ್ ಡೇ ಅವರ ವರದಿಗಳು ಎಬ್ಬಿಸಿದ ಚರ್ಚೆ ಹಲವು ವರ್ಷ ನಡೆದು, 1897ರಲ್ಲಿ ಭಾರತೀಯ ಮೀನುಗಾರಿಕಾ ಕಾಯಿದೆ ಬಂತು. ಮೀನು ಹಿಡಿಯಲು ಸಿಡಿಮದ್ದನ್ನೂ ವಿಷವನ್ನೂ ಬಳಸುವುದು ಅಪರಾಧವೆನಿಸಿತು. ಮುಂದೆ 1887ರಲ್ಲಿ ಥಾಮಸನು ಕೆರೆಗಳಲ್ಲಿ ಗಾಳ ಹಾಕುವುದನ್ನು ಕುರಿತೇ ಮತ್ತೊಂದು ಪುಸ್ತಕ ಬರೆದ. ಹೆಮ್ಮೀನಿನ ಹೊಳೆ ಎಲ್ಲರಿಗೂ ಎಟುಕುವುದಿಲ್ಲ, ಊರ ಕೆರೆಯಲ್ಲಿ ಕುಳಿತವನಿಗೂ ಸಂತೋಷ ಉಂಟು ಎಂಬುದನ್ನು ಅವನು ಅಷ್ಟು ಹೊತ್ತಿಗೆ ಒಪ್ಪಿಕೊಂಡಿದ್ದನೆಂದು ಕಾಣುತ್ತದೆ.

ಗಾಳಗಾರನ ವಯಸ್ಸಿಗೂ ಆಸೆಗೂ ಸಂಬಂಧವುಂಟೆಂದು ಬಲ್ಲವರು ಹೇಳುತ್ತಾರೆ. ಅಮೆರಿಕದ ಎಡ್ವರ್ಡ್ ಹೆವಿಟ್ ಎಂಬ ಹಳೆಯ ಹುಲಿಯ ಹೆಸರಿನಲ್ಲಿ ಪ್ರಚಲಿತವಾಗಿರುವ ಅಭಿಪ್ರಾಯದಂತೆ, ಮನುಷ್ಯನು ಮೊದಲು ಆದಷ್ಟು ಹೆಚ್ಚು ಮೀನುಗಳನ್ನು, ಆಮೇಲೆ ಆದಷ್ಟು ದೊಡ್ಡ ಮೀನನ್ನು, ಕಡೆಗೆ ಹಿಡಿಯಲು ಎಲ್ಲಕ್ಕಿಂತ ಕಷ್ಟವಾದ ಮೀನನ್ನು ಬಯಸುತ್ತಾನಂತೆ. 1977ರಲ್ಲಿ ಹಾಬ್ಸನ್ ಬ್ರಯನ್ ಎಂಬ ಸಮಾಜಶಾಸ್ತ್ರಜ್ಞನು ಟ್ರೌಟ್ ಮೀನಿನ ಗಾಳಗಾರರನ್ನು ಅಧ್ಯಯನ ಮಾಡಿ ಬಹುಮಟ್ಟಿಗೆ ಇದನ್ನೇ ಹೋಲುವ ಮಾತನ್ನು ಹೇಳಿದ: ಹೊಸಬನಿಗೆ ಏನಾದರೂ ಸಿಕ್ಕರೆ ಸಾಕು, ಪಳಗಿದವನಿಗೆ ಹಿಡಿಯುವ ರೀತಿಯೇ ಮುಖ್ಯ. ಇಂಗ್ಲೆಂಡಿನಲ್ಲಿ ಈ ಎರಡು ಮನೋಧರ್ಮಗಳು ಎರಡು ಪಂಥಗಳೇ ಆಗಿವೆ. ಪಂದ್ಯದ ಗಾಳಗಾರರು ನಿಗದಿಯಾದ ಹೊತ್ತಿನಲ್ಲಿ ಹಿಡಿದ ಎಲ್ಲ ಮೀನುಗಳ ಒಟ್ಟು ತೂಕದಿಂದ ಗೆಲ್ಲುತ್ತಾರೆ. ಇನ್ನೊಂದು ಪಂಥದವರು ಒಂದೇ ಹೆಮ್ಮೀನಿಗಾಗಿ ವಾರಗಟ್ಟಲೆ ಕೊಳದ ಬಳಿ ಡೇರೆ ಹಾಕುತ್ತಾರೆ. 1952ರಲ್ಲಿ ರಿಚರ್ಡ್ ವಾಕರ್ ಎಂಬಾತ ಹಿಡಿದ 44 ಪೌಂಡಿನ ಕಾರ್ಪ್ ಮೀನೊಂದು ಲಂಡನ್ನಿನ ಮೃಗಾಲಯದ ತೊಟ್ಟಿಯನ್ನು ಸೇರಿ, ಕ್ಲಾರಿಸ್ಸಾ ಎಂಬ ಹೆಸರನ್ನು ಪಡೆದು, ಬಹುಕಾಲ ಜನರಿಗೆ ದರ್ಶನ ನೀಡಿತು. ಸಾರಿಗೆ ಬೀಳದೆ ಖ್ಯಾತಿಗೆ ಬಿದ್ದ ಮೀನು ಅದು!

ಕಾವೇರಿಯ ಪಾಠ

ಸಂಖ್ಯೆಗೂ ಗಾತ್ರಕ್ಕೂ ಇರುವ ವ್ಯಾಜ್ಯವು ಬರಿಯ ಅಭಿರುಚಿಯ ಮಾತಲ್ಲವೆಂಬುದು ಮನವರಿಕೆಯಾದುದು ಮರವಂತೆಯಿಂದ ಬಹುದೂರ, ಕಾವೇರಿಯಲ್ಲಿ. ಆ ನದಿಯ ಗೂನುಬೆನ್ನಿನ ಮಹಸೀರ್ ಜಗತ್ತಿನ ಗಾಳಗಾರರ ಕನಸಿನ ಮೀನು. 1946ರಲ್ಲಿ, ಬೇಟೆಯ ಪ್ರಾಣಿಗಳ ಚರ್ಮಕ್ಕೆ ಜೀವಕಳೆ ತುಂಬುವುದರಲ್ಲಿ ಹೆಸರಾಗಿದ್ದ ಮೈಸೂರಿನ ವಾನ್ ಇಂಗೆನ್ ಮನೆತನದ ಡಿ ವೆಟ್ ವಾನ್ ಇಂಗೆನ್, ಕಾವೇರಿ ಕಬಿನಿಯ ಸೀಮೆಯಲ್ಲಿ 120 ಪೌಂಡು ತೂಗುವ ಮಹಸೀರನ್ನು ಗಾಳದಿಂದ ಹಿಡಿದ. ಅಂದರೆ ಸುಮಾರು 54 ಕಿಲೋ. ಪ್ರಾಯದ ಹುಡುಗನೊಬ್ಬನ ತೂಕ. ಸ್ವಾತಂತ್ರ್ಯಾನಂತರ ಈ ಮೀನನ್ನು ಹೊರಜಗತ್ತು ಬಹುಮಟ್ಟಿಗೆ ಮರೆತಿತ್ತು. 1970ರ ದಶಕದ ಕೊನೆಯಲ್ಲಿ ಮೂವರು ಇಂಗ್ಲಿಷ್ ತರುಣರು ಹುಡುಕಿಕೊಂಡು ಬಂದು, ಹೆಮ್ಮೀನುಗಳು ಇನ್ನೂ ಇವೆಯೆಂದು ತೋರಿಸಿದ ಮೇಲೆ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಗಳಲ್ಲಿ ಗಾಳದ ಶಿಬಿರಗಳು ಎದ್ದವು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮತ್ತೆ ನೀರಿಗೆ ಬಿಡಬೇಕೆಂಬುದು ಅಲ್ಲಿಯ ಕಟ್ಟುಪಾಡು. ಹಿಂದೆ ಕದ್ದು ಸಿಡಿಮದ್ದು ಹಾಕುತ್ತಿದ್ದವರಲ್ಲಿ ಕೆಲವರು ಈ ಶಿಬಿರಗಳಲ್ಲಿ ಮಾರ್ಗದರ್ಶಿಗಳಾಗಿ ಮಹಸೀರಿನ ಕಾವಲಿಗೇ ನಿಂತರು.

ಗಾಲಿಬೋರೆಯ ಶಿಬಿರದಲ್ಲಿ ಗಾಳಗಾರರು ತಾವು ಹಿಡಿದ ಮೀನುಗಳ ಲೆಕ್ಕವನ್ನು ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ತಮ್ಮ ತೀರ್ಮಾನಗಳನ್ನು ಪ್ರಕಟಿಸಿದರು. ಒಟ್ಟು ಸುಮಾರು 23,600 ಗಂಟೆಗಳ ಗಾಳ. ಸಿಕ್ಕ ಮಹಸೀರುಗಳು 6,161. ವರ್ಷಗಳು ಉರುಳಿದಂತೆ ಸಿಕ್ಕುವ ಮೀನುಗಳ ಸಂಖ್ಯೆ ಏರುತ್ತಲೇ ಹೋಗಿತ್ತು. ಇಷ್ಟನ್ನೇ ಕೇಳಿದವರು ನದಿ ಸುಭಿಕ್ಷವಾಗಿದೆಯೆಂದು ಹಿಗ್ಗಬಹುದು. ಆದರೆ ಅದೇ ಪುಸ್ತಕಗಳ ಪಕ್ಕದ ಕಲಮಿನಲ್ಲಿ ಮೀನಿನ ಸರಾಸರಿ ತೂಕ ಇಳಿಯುತ್ತಲೇ ಬಂದಿತ್ತು. ಹೆಚ್ಚುತ್ತಿದ್ದವು ಹೊರಗಿನ ಮರಿಕೇಂದ್ರದಲ್ಲಿ ಬೆಳೆಸಿ ಕಾವೇರಿಗೆ ತಂದು ಬಿಟ್ಟ ನೀಲಿರೆಕ್ಕೆಯ ಮಹಸೀರುಗಳು. ಕಡಮೆಯಾಗುತ್ತಿದ್ದುದು ಕಾವೇರಿಯದೇ ಆದ ಗೂನುಬೆನ್ನಿನ ಜಾತಿ. ನದಿಗೆ ಮೀನು ತುಂಬಿಸುತ್ತೇವೆಂಬ ಸದುದ್ದೇಶದಿಂದಲೇ ಆ ಮರಿಗಳನ್ನು ಬಿಡಲಾಗಿತ್ತೆಂಬುದನ್ನು ಮರೆಯಬಾರದು. ಕಾಡಿನ ರಕ್ಷಿತಪ್ರದೇಶದಲ್ಲಿ ಗಾಳವೂ ಬೇಟೆಯೇ ಎಂಬ ನಿಲುವಿನಿಂದ 2012ರ ಹೊತ್ತಿಗೆ ಶಿಬಿರಗಳ ಗಾಳ ನಿಂತಿತು; ಅದರೊಂದಿಗೆ ಆ ಲೆಕ್ಕದ ಪುಸ್ತಕವೂ ಮುಚ್ಚಿತು. 2018ರಲ್ಲಿ ಗೂನುಬೆನ್ನಿನ ಮಹಸೀರಿಗೆ ಶಾಸ್ತ್ರೀಯ ನಾಮಧೇಯ ನಿಶ್ಚಯವಾಗಿ, ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಯನ್ನು ಸೇರಿತು. ಹೆಸರಿಡುವ ಶಾಸ್ತ್ರಕ್ಕೂ ಆಪತ್ತಿನ ಘೋಷಣೆಗೂ ಒಂದೇ ವರ್ಷ!

ಕೈಗೆಟಕುವಲ್ಲಿದ್ದರೂ ಯಾರೂ ಗಾಳ ಹಾಕದ ಹೆಮ್ಮೀನುಗಳು ನಮ್ಮಲ್ಲಿ ಇಲ್ಲದಿಲ್ಲ. ಶೃಂಗೇರಿಯ ತುಂಗೆಯ ಮೆಟ್ಟಿಲುಗಳಲ್ಲಿಯೂ ಬೆಳ್ತಂಗಡಿಯ ಕಡೆಯ ಶಿಶಿಲದ ಕಪಿಲೆಯಲ್ಲಿಯೂ ದೇವರ ಮೀನುಗಳು ಮಂಡಕ್ಕಿಗೆ ಬಾಯಿ ತೆರೆದು ಮಕ್ಕಳ ಕೈಯ ಬಳಿಗೇ ಬರುತ್ತವೆ. 1996ರಲ್ಲಿ ಶಿಶಿಲದ ಹೊಳೆಗೆ ದುಷ್ಕರ್ಮಿಗಳು ವಿಷ ಬೆರೆಸಿದಾಗ ಅಲ್ಲಿಯ ಮೀನುಗಳು ಸಾವಿರಗಟ್ಟಲೆ ಸತ್ತು ತೇಲಿದವು. ಥಾಮಸನು ನೂರಿಪ್ಪತ್ತೈದು ವರ್ಷಗಳ ಹಿಂದೆ ದೂರಿದ್ದ ವಿಷವೇ!

ಹೆಮ್ಮೀನು ಗಂಡೋ ಹೆಣ್ಣೋ?

ಮತ್ತೆ ಸೌಪರ್ಣಿಕೆಯ ದಂಡೆಗೆ ಬರೋಣ. ಇಲ್ಲಿಯ ಉಪ್ಪುಮಿಶ್ರಿತ ನೀರಿನಲ್ಲಿ ಗಾಳಗಾರನ ಎದೆಬಡಿತವನ್ನು ಹೆಚ್ಚಿಸುವ ಮೀನೆಂದರೆ ಕುರುಡಿ. ಕೊಳಿಜಿ ಎಂಬ ಹೆಸರೂ ಇದಕ್ಕುಂಟು. ಬಂಗಾಳದವರ ಭೇಟ್ಕಿ, ಆಸ್ಟ್ರೇಲಿಯದವರ ಬಾರಮುಂಡಿ ಎಲ್ಲವೂ ಇದೇ. ಹೊಳೆಯಲ್ಲಿ ಬೆಳೆದು, ಮೊಟ್ಟೆಯಿಡಲು ಅಳಿವೆಯ ಉಪ್ಪುನೀರಿಗೆ ಇಳಿಯುವುದು ಇದರ ಸ್ವಭಾವ. ಇದರ ಬಾಳಿನಲ್ಲಿ ಒಂದು ಅಚ್ಚರಿ ಅಡಗಿದೆ. ಕುರುಡಿ ಪ್ರಾಯಕ್ಕೆ ಬರುವುದು ಗಂಡಾಗಿ. ಆರೇಳು ವರ್ಷ ತುಂಬಿ, ಮೂರಡಿಯ ಉದ್ದವನ್ನು ಸಮೀಪಿಸುವ ಹೊತ್ತಿಗೆ ಹೆಚ್ಚಿನವು ಹೆಣ್ಣಾಗಿ ಮಾರ್ಪಡುತ್ತವೆ. ಅರ್ಧನಾರೀಶ್ವರನ ಕಥೆಯನ್ನು ಕೇಳಿ ಬೆಳೆದ ನಮಗೆ ಇದು ಅಷ್ಟೇನೂ ಅಪರಿಚಿತವೆನಿಸದಿದ್ದರೂ ಇದರ ಪರಿಣಾಮ ಗಂಭೀರವಾದುದು. ಸಣ್ಣ ಕುರುಡಿಗಳ ಬುಟ್ಟಿಯೆಂದರೆ ಗಂಡುಗಳ ಬುಟ್ಟಿ. ದೊಡ್ಡ ಕುರುಡಿಯೊಂದನ್ನು ಎಳೆದು ದಡಕ್ಕೆ ಹಾಕಿದವನು, ತಿಳಿದೋ ತಿಳಿಯದೆಯೋ, ಹೊಳೆಯ ತಾಯಿಯೊಬ್ಬಳನ್ನು ಎಳೆದುಕೊಂಡಿದ್ದಾನೆ. ಅವಳು ಒಂದು ಋತುವಿನಲ್ಲಿ ಇಡುವ ಮೊಟ್ಟೆಗಳನ್ನು ದಶಲಕ್ಷಗಳಲ್ಲಿ ಎಣಿಸಬೇಕು. ಬಂಡೆಗಳ ಸಂದಿಯಲ್ಲಿ ವಾಸಿಸುವ ಮುರು ಮೀನುಗಳದು ಇದಕ್ಕೆ ತದ್ವಿರುದ್ಧ ಕ್ರಮ. ಅವುಗಳಲ್ಲಿ ಅನೇಕ ಜಾತಿಗಳು ಮೊದಲು ಹೆಣ್ಣು, ದೊಡ್ಡದಾದ ಮೇಲೆ ಗಂಡು. ಅಲ್ಲಿ ಹೆಮ್ಮೀನುಗಳನ್ನೆಲ್ಲ ಹಿಡಿದರೆ ಉಳಿದ ಹೆಣ್ಣುಗಳಿಗೆ ವರನೇ ಇಲ್ಲ.

ಹೀಗೆ ಲಿಂಗ ಬದಲಿಸದ ಮೀನುಗಳಲ್ಲಿಯೂ ದೊಡ್ಡ ತಾಯಿಯ ಬೆಲೆ ಬೇರೆಯೇ. ಎರಡು ಕಿಲೋದ ಹದಿನೈದು ಮೀನುಗಳೂ ಮೂವತ್ತು ಕಿಲೋದ ಒಂದು ಮೀನೂ ಸಮವೆಂದು ಸಾಮಾನ್ಯ ಗಣಿತ ಹೇಳುತ್ತದೆ. 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಕಡಲಿನ ಮುನ್ನೂರಕ್ಕೂ ಹೆಚ್ಚು ಜಾತಿಯ ಮೀನುಗಳನ್ನು ತುಲನೆ ಮಾಡಲಾಗಿ, ಈ ಗಣಿತ ಬುಡಮೇಲಾಯಿತು. ಅಟ್ಲಾಂಟಿಕ್ ಸಾಗರದ ಕಾಡ್ ಮೀನಿನಲ್ಲಿ ಮೂವತ್ತು ಕಿಲೋದ ಒಂದು ಹೆಣ್ಣು, ಎರಡೆರಡು ಕಿಲೋದ ಇಪ್ಪತ್ತೆಂಟು ಹೆಣ್ಣುಗಳು ಒಟ್ಟಾಗಿ ಇಡುವುದಕ್ಕಿಂತಲೂ ಹೆಚ್ಚು ಮೊಟ್ಟೆಗಳನ್ನು ಇಡುತ್ತದೆ.

ನಮ್ಮ ಕಾನೂನುಗಳ ದೃಷ್ಟಿ ಬಹುಮಟ್ಟಿಗೆ ಸಣ್ಣ ಮೀನಿನ ಮೇಲಿದೆ; ಅದೂ ನ್ಯಾಯವಾದುದೇ. ಬೂತಾಯಿ 10 ಸೆಂಟಿಮೀಟರಿಗೂ ಬಂಗುಡೆ 14 ಸೆಂಟಿಮೀಟರಿಗೂ ಕಿರಿದಾಗಿದ್ದರೆ ಹಿಡಿಯಬಾರದೆಂದು ಕೇರಳ ಸರ್ಕಾರ ಗೊತ್ತುಮಾಡಿದೆ. ಬಲೆಯ ಕಣ್ಣನ್ನು ಹಿಗ್ಗಿಸಿದರೆ ಮರಿಗಳು ಪಾರಾಗುತ್ತವೆ. ಆದರೆ ಕಣ್ಣನ್ನು ಹಿಗ್ಗಿಸಿದ ಮಾತ್ರಕ್ಕೆ ಹೆಮ್ಮೀನು ಪಾರಾಗುವುದಿಲ್ಲ. ಸಣ್ಣದನ್ನೂ ಬಿಡಬಹುದಾದ, ದೊಡ್ಡದನ್ನೂ ಬಿಡಬಹುದಾದ ಸ್ವಾತಂತ್ರ್ಯ ಇರುವುದು ಗಾಳಗಾರನಿಗೆ. ಅವನ ಮೀನು ಒಂದೊಂದಾಗಿ, ಜೀವದೊಡನೆ, ಅವನ ಕೈಗೆ ಬರುತ್ತದೆ. ಬಿಡುವುದಾದರೆ ಬಿಡುವ ಕ್ರಮವೂ ಉಂಟು: ಕೈಯನ್ನು ಒದ್ದೆ ಮಾಡಿಕೊಳ್ಳಬೇಕು, ಇಲ್ಲವಾದರೆ ಮೀನಿನ ಮೈಯ ಲೋಳೆ ಅಳಿಸಿ ರೋಗ ತಗಲುತ್ತದೆ, ದೊಡ್ಡ ಮೀನನ್ನು ದವಡೆಯಿಂದ ನೇತುಹಾಕದೆ ಹೊಟ್ಟೆಯ ಕೆಳಗೂ ಕೈ ಕೊಡಬೇಕು, ಚಿತ್ರ ತೆಗೆಯುವ ಸಂಭ್ರಮವನ್ನು ಕೆಲವೇ ಕ್ಷಣಗಳಲ್ಲಿ ಮುಗಿಸಿ, ನೀರಿನಲ್ಲಿ ಹಿಡಿದು, ಅದು ತಾನಾಗಿ ಬಾಲ ಬಡಿದು ಹೊರಟ ಮೇಲೆಯೇ ಕೈ ಸಡಿಲಿಸಬೇಕು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ಪ್ರಾಂತದಲ್ಲಿ ಬಾರಮುಂಡಿಗೆ ಸಣ್ಣ ಅಳತೆಯ ಮಿತಿಯಂತೆಯೇ ದೊಡ್ಡ ಅಳತೆಯ ಮಿತಿಯೂ ಕಾನೂನಿನಲ್ಲಿದೆ. ಅತಿ ಸಣ್ಣದೂ ಬೇಡ, ಅತಿ ದೊಡ್ಡದೂ ಬೇಡ, ನಡುವಿನದನ್ನು ಮನೆಗೊಯ್ಯಿರಿ ಎಂದು.

ಪಟ್ಟಣದಿಂದ ಬಂದ ಹವ್ಯಾಸಿಗೆ ಇದು ಅಷ್ಟೇನೂ ಕಷ್ಟದ ವ್ರತವಲ್ಲ. ಅವನ ಮನೆಯ ಅಕ್ಕಿಬೇಳೆ ಈ ಹೊಳೆಯಿಂದ ಬರುವುದಿಲ್ಲ. ಅವನಿಗೆ ಚಿತ್ರವೊಂದು ದೊರೆತರೆ ಮೀನು ದೊರೆತಂತೆಯೇ. ಆದರೆ ಅದೇ ದಂಡೆಯಲ್ಲಿ, ಹತ್ತು ಮಾರು ಆಚೆ, ಮಳೆಗಾಲದ ಬಿಡುವಿನ ದಿನಗಳಲ್ಲಿ ಬೆರಳಿಗೆ ದಾರ ಸುತ್ತಿ ಕುಳಿತ ಹಳ್ಳಿಯವನೂ ಇದ್ದಾನೆ. ವಾರವೆಲ್ಲ ಕಾದು ಅವನಿಗೊಂದು ಮೂರಡಿಯ ಕುರುಡಿ ಸಿಕ್ಕಿತೆನ್ನೋಣ. ಅದು ಹೆಣ್ಣು, ಹೊಳೆಯ ಮುಂದಿನ ತಲೆಮಾರಿನ ತಾಯಿ ಎಂದು ಅವನಿಗೆ ಯಾರು ಹೇಳಬೇಕು, ಯಾವ ಮುಖದಿಂದ ಹೇಳಬೇಕು? ಅವನು ಅದರ ಕಿವಿರಿಗೆ ಬಳ್ಳಿ ಪೋಣಿಸಿ ಹೆದ್ದಾರಿಯ ಅಂಚಿಗೆ ಬಂದು ನಿಲ್ಲುವಷ್ಟರಲ್ಲಿ, ಬೆಲೆ ಕೇಳಲು ಕಾರೊಂದು ಆಗಲೇ ನಿಂತಿರುತ್ತದೆ.